ಖಾತೆ ಯಾರ ಹೆಸರಲ್ಲಿದೆ?

ದಸರಾ ರಜಕ್ಕೆ ಅಕ್ಕನ ಮಗ ಹನುಮಂತನಗರದ ನಮ್ಮ ಮನೆಗೆ ಬಂದಿದ್ದ. ಮೊದಲ ದಿನ ಲಾಲ್‌ಬಾಗ್ ಆಯಿತು, ಎರಡನೇ ದಿನ ಮಳೆ ಹಿಡಿದುಕೊಂಡಿತು. ಹತ್ತು ವರ್ಷದ ಹುಡುಗನನ್ನು ಮನೆಯೊಳಗೆ ಎಷ್ಟು ಹೊತ್ತು ಕೂರಿಸಲು ಸಾಧ್ಯ? ನನ್ನ ಹಳೇ ವಿಡಿಯೊ ಗೇಮ್ ಪೆಟ್ಟಿಗೆ ಪ್ಲೇಸ್ಟೇಷನ್ 2 ನೆನಪಾಯಿತು. ಜಪಾನಿನಲ್ಲಿ 2000ದಲ್ಲೇ ಬಂದಿದ್ದ ಆ ಪೆಟ್ಟಿಗೆ ನಮ್ಮ ಮನೆ ಸೇರಿದ್ದು 2008ರಲ್ಲಿ, ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್ಟಿನಿಂದ, ಅದೂ ಸೆಕೆಂಡ್ ಹ್ಯಾಂಡು. ಲೆನ್ಸು ಹೋಗಿ ಎಷ್ಟೋ ವರ್ಷವಾಯಿತು. ಅದು ಹೋಗುವ ಮೊದಲೇ ಪೆಟ್ಟಿಗೆಯನ್ನು ಎಬ್ಬಿಸುವ ಒಳಗಿನ ಪ್ರೋಗ್ರಾಮು ಬಯೋಸನ್ನೂ ನನ್ನ ಡಿಸ್ಕುಗಳನ್ನೂ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದೆ. ಆಮೇಲೆ ಆಡಿದ್ದೆಲ್ಲ ಎಮ್ಯುಲೇಟರಿನಲ್ಲಿ, ಅಂದರೆ ಆ ಪೆಟ್ಟಿಗೆಯಂತೆ ನಟಿಸುವ ಪ್ರೋಗ್ರಾಮಿನಲ್ಲಿ.

ಆ ಲ್ಯಾಪ್‌ಟಾಪೂ ಈಗಿಲ್ಲ, ಅದರ ಹಾರ್ಡ್ ಡಿಸ್ಕ್ ಮಾತ್ರ ಬೀರುವಿನಲ್ಲಿತ್ತು. ಎಸ್‌ಪಿ ರೋಡಿನಲ್ಲಿ ಕೊಂಡಿದ್ದ ಕೇಬಲ್ಲಿಗೆ ಸಿಕ್ಕಿಸಿ, ವಿಂಡೋಸಿನ ಜಾಗದಲ್ಲಿ ಲಿನಕ್ಸಿನ ಒಂದು ಬಗೆಯಾದ ಉಬುಂಟು ಇರುವ ಈಗಿನ ಲ್ಯಾಪ್‌ಟಾಪಿಗೆ ಹಾಕಿದೆ. ನನ್ನದೇ ಫೋಲ್ಡರು ನನಗೇ ಬಾಗಿಲು ತೆಗೆಯಲಿಲ್ಲ. ಲಿನಕ್ಸಿಗೆ ಮನುಷ್ಯರ ಹೆಸರಿಗಿಂತ ನಂಬರು ಮುಖ್ಯ. ಹಳೇ ಲ್ಯಾಪ್‌ಟಾಪಿನಲ್ಲಿ ನಾನು 1001, ಇಲ್ಲಿ 1000, ಅಂದರೆ ಬೇರೆಯವನು. ಸರಿ, ಹಿಂದುಮುಂದು ನೋಡದೆ ಆಜ್ಞೆಯ ಮುಂದೆ ಸುಡೊ, ಅಂದರೆ ಯಜಮಾನನ ಅಧಿಕಾರದಲ್ಲಿ ಮಾಡು ಎಂಬ ಮಾತು, ಸೇರಿಸಿ ಕಾಪಿ ಹೊಡೆದೆ. ಎಲ್ಲ ಬಂತು. ಎಡವಟ್ಟು ಆದದ್ದು ಅಲ್ಲೇ, ಅದು ತಿಳಿದದ್ದು ಮೂರು ಗಂಟೆ ಆದ ಮೇಲೆ.

ಏಕೆಂದರೆ ಆಟ ಚೆನ್ನಾಗಿಯೇ ಓಡಿತು. ಟಾಸ್ ಹಾಕಿದ, ಬ್ಯಾಟಿಂಗ್ ತಗೊಂಡ, ಎರಡು ಸಿಕ್ಸರೂ ಹೊಡೆದ. ಎಮ್ಯುಲೇಟರ್ ಮುಚ್ಚಿ ತೆರೆದಾಗಲೆಲ್ಲ ಕಂಟ್ರೋಲರಿನ ಬಟನ್‌ಗಳನ್ನು ಹೊಸದಾಗಿ ಹೇಳಿಕೊಡಬೇಕಿತ್ತು, ಅಷ್ಟೇ. ಅದನ್ನು ಕಂಟ್ರೋಲರಿನ ತಲೆಗೆ ಕಟ್ಟಿದೆ. ಕೊನೆಗೆ ಪಂದ್ಯ ಸೇವ್ ಮಾಡಲು ಹೋದವನು ಕೂಗಿದ: “ಮಾಮ, ಮೆಮೊರಿ ಕಾರ್ಡೇ ಹಾಕಿಲ್ಲ ಅಂತಿದೆ!”

ಕಾರ್ಡು ಎಂದರೆ ಇಲ್ಲಿ ಒಂದು ಫೈಲು, ಅಷ್ಟೇ. ಅಸಲಿ ಕಾರ್ಡು 8 ಎಂಬಿ. ಅದರ ಪ್ರತಿ 512 ಬೈಟಿಗೂ ತಪ್ಪು ತಿದ್ದಲೆಂದು 16 ಬೈಟ್ ಬಾಲ ಇರುವುದರಿಂದ ಫೈಲಿನ ಅಳತೆ 86,50,752 ಬೈಟ್. ಲೆಕ್ಕ ಸರಿಯಿತ್ತು, ಫೈಲೂ ಕಣ್ಣೆದುರೇ ಇತ್ತು. ಹಾಗಾದರೆ ಇಲ್ಲ ಅನ್ನುವುದೇಕೆ?

ಆಫೀಸಿನ ಗೆಳೆಯನಿಗೆ ಫೋನ್ ಮಾಡಿದೆ. “ಏಳು ಏಳು ಏಳು ಹೊಡಿ ಗುರು, ಎಲ್ಲ ಸರಿಹೋಗುತ್ತೆ” ಅಂದ. ಫೈಲಿನ ಅನುಮತಿ ಬದಲಿಸುವ ಚ್‌ಮಾಡ್ ಎಂಬ ಆಜ್ಞೆಯಲ್ಲಿ ಓದುವುದಕ್ಕೆ 4, ಬರೆಯುವುದಕ್ಕೆ 2, ಓಡಿಸುವುದಕ್ಕೆ 1. ಕೂಡಿದರೆ 7, ಅದನ್ನು ಕಂಡಕಂಡವರಿಗೆಲ್ಲ ಕೊಡುವುದು. ನಾನು ಮಹಾ ಬುದ್ಧಿವಂತ. ಆಟದ ಫೈಲನ್ನು ಓಡಿಸುವುದೇನಿದೆ, ಅಷ್ಟು ಧಾರಾಳ ಬೇಡ ಎಂದು ಇಡೀ ಫೋಲ್ಡರಿಗೆ 666 ಹಾಕಿದೆ. ಇದ್ದ ಆಟವೂ ನಿಂತುಹೋಯಿತು. ಫೋಲ್ಡರಿಗೆ ಆ 1 ಅಂದರೆ ಓಡಿಸುವುದಲ್ಲ, ಹೊಸ್ತಿಲು ದಾಟಲು ಬಿಡುವುದು. ಹೊಸ್ತಿಲನ್ನೇ ಕಿತ್ತುಹಾಕಿದ್ದೆ.

ಹುಡುಗ ಮುಖ ಊದಿಸಿಕೊಂಡು ಸೋಫಾದಲ್ಲಿ ಉರುಳಿದ. ಪಕ್ಕದಲ್ಲಿ ಅಪ್ಪ ತಮ್ಮ ಹಸಿರು ಫೈಲು ಹರಡಿಕೊಂಡು ಕೂತಿದ್ದರು. ಮನೆ ಇನ್ನೂ ತಾತನ ಹೆಸರಿನಲ್ಲೇ ಇದೆ. ಖಾತೆ ಬದಲಾವಣೆಗೆ ಓಡಾಡುವುದೇ ಅವರ ನಿವೃತ್ತಿ ಜೀವನ.

“ಬೆಳಗ್ಗೆಯಿಂದ ಅದೇನೋ ಗುದ್ದಾಡ್ತಿದೀಯ?”

“ಆಟ ನಡೆಯುತ್ತೆ ಅಪ್ಪ, ಆದ್ರೆ ಒಂದಕ್ಷರ ಬರೆದುಕೊಳ್ಳೋಕೆ ಬಿಡ್ತಿಲ್ಲ.”

ಕನ್ನಡಕದ ಮೇಲಿಂದ ನೋಡಿದರು. “ನಮ್ಮ ಮನೇನೂ ಹಂಗೇ ಅಲ್ವೇನೋ? ವಾಸ ಮಾಡಬಹುದು, ಮೇಲೊಂದು ರೂಮು ಕಟ್ಟೋ ಹಂಗಿಲ್ಲ. ಖಾತೆ ಯಾರ ಹೆಸರಲ್ಲಿದೆ ನೋಡು ಮೊದಲು.”

ತಮಾಷೆಗೆ ಅಂದರೋ ಏನೋ. ನಾನು ಆಜ್ಞೆ ಟೈಪ್ ಮಾಡುವ ಟರ್ಮಿನಲ್ಲಿನಲ್ಲಿ, ಹೊಸ್ತಿಲು ಕಿತ್ತಿದ್ದರಿಂದ ಸುಡೊ ಸೇರಿಸಿಯೇ, ಫೈಲುಗಳ ಪಟ್ಟಿ ಕೊಡುವ ಎಲ್‌ಎಸ್ ಕೊಟ್ಟು, ಒಡೆಯರ ಹೆಸರೂ ಕಾಣಲೆಂದು ಪಕ್ಕದಲ್ಲಿ ಮೈನಸ್ ಎಲ್ ಹಾಕಿದೆ. ಸಾಲುಸಾಲಾಗಿ ಬಂತು: ರೂಟ್ ರೂಟ್, ರೂಟ್ ರೂಟ್. ಒಂದೇ ಒಂದು ಫೈಲೂ ನನ್ನ ಹೆಸರಿನಲ್ಲಿರಲಿಲ್ಲ. ಸುಡೊ ಹಾಕಿ ಕಾಪಿ ಮಾಡಿದಾಗ ಹೊಸ ಫೈಲುಗಳೆಲ್ಲ ರೂಟ್ ಎಂಬ ಯಜಮಾನ ಸಾಹೇಬರ ಹೆಸರಿಗೆ ನೋಂದಣಿಯಾಗಿದ್ದವು. ನನಗೆ ಸಿಕ್ಕಿದ್ದು ಓದುವ ಹಕ್ಕು ಮಾತ್ರ. ಅದಕ್ಕೇ ಬಯೋಸೂ ಓಡಿತು, ಡಿಸ್ಕೂ ಓಡಿತು. ಬರೆಯಬೇಕಾದ ಕಾರ್ಡೂ ಸೆಟ್ಟಿಂಗೂ ಕೈಕೊಟ್ಟವು. ಪಾಪ, ಕಂಟ್ರೋಲರಿನದು ಯಾವ ತಪ್ಪೂ ಇರಲಿಲ್ಲ.

ಒಡೆತನ ಬದಲಿಸುವ ಚೋನ್ ಎಂಬ ಒಂದು ಸಾಲಿನಲ್ಲಿ ಖಾತೆ ನನ್ನ ಹೆಸರಿಗೆ ಬಂತು. ಕಿತ್ತ ಹೊಸ್ತಿಲಿಗೆ ಇನ್ನೊಂದು ಸಾಲು: ಚ್‌ಮಾಡಿನಲ್ಲಿ ಓಡಿಸುವ ಹಕ್ಕಿನ ಚಿಕ್ಕ ಎಕ್ಸ್ ಬದಲು ದೊಡ್ಡ ಎಕ್ಸ್ ಹಾಕಿದರೆ, 666ರಲ್ಲಿ ಕಳೆದಿದ್ದ ಆ 1 ಫೋಲ್ಡರುಗಳಿಗೆ ಮಾತ್ರ ಮರಳುತ್ತದೆ, ಆಟದ ಫೈಲುಗಳಿಗೆ ಅಂಟುವುದಿಲ್ಲ.

“ಆಯ್ತು ಅಪ್ಪ, ಖಾತೆ ಆಯ್ತು.”

“ಎಷ್ಟು ಹೊತ್ತು ಹಿಡೀತು?”

“ಎರಡು ಸಾಲು.”

ಅಪ್ಪ ಏನೂ ಅನ್ನಲಿಲ್ಲ, ಹಸಿರು ಫೈಲಿನ ದಾರ ಬಿಗಿದರು.

ಸಂಜೆ ಕಾಫಿ ಲೋಟ ಹಿಡಿದು ಬಂದಾಗ ಹುಡುಗ ಕುಣಿಯುತ್ತಿದ್ದ. ಪಂದ್ಯ ಗೆದ್ದಿದ್ದಾನೆ, ಸೇವ್ ಕೂಡ ಆಗಿದೆ. ಯಾವ ಜಾಗದಲ್ಲಿ ಮಾಡಿದೆ ಎಂದು ಕೇಳಿದೆ. “ಮೊದಲನೇದೇ ಮಾಮ. ಹಳೇದು ಯಾವುದೋ ಇತ್ತು, ಅಳಿಸ್ಲಾ ಅಂತ ಕೇಳ್ತು, ಯೆಸ್ ಒತ್ತಿದೆ.” ಅದು ನನ್ನ 2012ರ ಟೂರ್ನಮೆಂಟು. ಸೆಮಿಫೈನಲ್ಲಿಗೆ ಬಂದು ನಿಂತಿತ್ತು.

ಹಳೇ ಹಾರ್ಡ್ ಡಿಸ್ಕು ಇನ್ನೂ ಕೇಬಲ್ಲಿನಲ್ಲೇ ನೇತಾಡುತ್ತಿತ್ತು. ಪ್ಲೇಸ್ಟೇಷನ್ 2ಕ್ಕೆ ಕಾರ್ಡಿನ ಕಿಂಡಿ ಎರಡು. ಮೊದಲನೆಯದು ಅವನಿಗಿರಲಿ ಎಂದು ಹಳೇ ಕಾರ್ಡನ್ನು ಇನ್ನೊಂದು ಹೆಸರಲ್ಲಿ ಕಾಪಿ ಮಾಡಿ ಎರಡನೇ ಕಿಂಡಿಗೆ ಹಾಕಿದೆ. ಈ ಸಲವೂ ಸುಡೊ ಇಲ್ಲದೆ ಆಗಲಿಲ್ಲ. ಆದರೆ ಆಟ ತೆರೆಯುವ ಮೊದಲೇ ಚೋನ್ ಹೊಡೆದೆ.