ಅಡಿಕೋಲು ಮತ್ತು ‘ಪ್ರಬುದ್ಧ ಕರ್ನಾಟಕ’

ನಮ್ಮ ಕನ್ನಡದ ಗುರುಗಳು ತೀರಿಕೊಂಡರೆಂದು ಕಳೆದ ತಿಂಗಳು ತಿಳಿದಾಗ ನನಗೆ ಮೊದಲು ನೆನಪಾದದ್ದು ಅವರ ಮರದ ಅಡಿಕೋಲು.

1981. ವಿಜಯಪುರ ಆಗಿನ್ನೂ ಬಿಜಾಪುರ. ಮೈಸೂರು ವಿಶ್ವವಿದ್ಯಾಲಯದ ತ್ರೈಮಾಸಿಕ ಪತ್ರಿಕೆ ‘ಪ್ರಬುದ್ಧ ಕರ್ನಾಟಕ’ ಬಂದ ದಿನ ಪಾಠವಿಲ್ಲ. ಕಂದು ಕಾಗದದ ಹೊದಿಕೆಯನ್ನು ಹರಿಯದಂತೆ ಸರಿಸಿ, ಅಂಚು ಕತ್ತರಿಸದೆ ಕೂಡಿಕೊಂಡೇ ಇದ್ದ ಪುಟಗಳ ನಡುವೆ ಅಡಿಕೋಲು ತೂರಿಸಿ ಒಂದೊಂದಾಗಿ ಸೀಳುತ್ತಿದ್ದರು. ಕಾಗದದ ಹೊಟ್ಟು ಮೇಜಿನ ಮೇಲೆ ಉದುರುತ್ತಿತ್ತು. “1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದವರು ಹೊರತಂದದ್ದು, ಎ.ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ, ವಿಶ್ವವಿದ್ಯಾಲಯದ ಕೈಗೆ ಬಂದದ್ದು ಆಮೇಲೆ” ಎಂದು ಪ್ರತಿ ಸಲವೂ ಹೇಳುವರು. ಹಿಂದೆಯೇ ಊರಿನ ಅಭಿಮಾನ ಕೆರಳುತ್ತಿತ್ತು. “1926ರಲ್ಲಿ ಇದೇ ಊರಿನಿಂದ ‘ಶಿವಾನುಭವ’ ಪತ್ರಿಕೆ ತಂದ ವಚನ ಸಂಪಾದಕ ಹಳಕಟ್ಟಿಯವರ ಬೆನ್ನಿಗೆ ಯಾವ ವಿಶ್ವವಿದ್ಯಾಲಯವಿತ್ತು?” ತಪ್ಪು ನಮ್ಮದೇ ಎಂಬಂತೆ ನಾವು ತಲೆ ತಗ್ಗಿಸುತ್ತಿದ್ದೆವು. ಆ ವರ್ಷದ ಪಠ್ಯಪುಸ್ತಕ ಯಾವುದಿತ್ತೋ, ದೇವರಾಣೆ ನೆನಪಿಲ್ಲ.

ಒಮ್ಮೆ ಆ ಹೊದಿಕೆಯೊಳಗಿನ ಸಂಚಿಕೆಯನ್ನು ಎಳೆದು, ಬಸ್ ನಿಲ್ದಾಣದಲ್ಲಿ ಕೊಂಡ ಸಿನಿಮಾ ಪತ್ರಿಕೆಯನ್ನು ತೂರಿಸಿಟ್ಟೆ. ಗುರುಗಳು ಎಂದಿನಂತೆ ಹೊದಿಕೆ ಸರಿಸಿದರು. ಮುಖಪುಟದಲ್ಲಿ ನಾಯಕಿ ನಗುತ್ತಿದ್ದಳು. ಕನ್ನಡಕ ಏರಿಸಿ, ಎರಡು ಪುಟ ಗಂಭೀರವಾಗಿ ಓದಿ, “ಸಂಪಾದಕ ಮಂಡಳಿ ಬದಲಾದಂತಿದೆ” ಎಂದರು. ತರಗತಿಯೆಲ್ಲ ನಕ್ಕಿತು. ನಗದೆ ಕುಳಿತವನು ನಾನೊಬ್ಬನೇ, ಹಾಗಾಗಿ ಸಿಕ್ಕಿಬಿದ್ದೆ.

ಶಿಕ್ಷೆ ವಿಚಿತ್ರವಾಗಿತ್ತು. ಕಪಾಟಿನಲ್ಲಿದ್ದ ಹಳೆಯ ಸಂಚಿಕೆಗಳ ಪ್ರತಿ ಲೇಖನಕ್ಕೂ ಲೇಖಕ, ವಿಷಯ, ಪುಟ ಬರೆದು ಒಂದೊಂದು ಕಾರ್ಡು ಮಾಡಬೇಕು. ಮೂರು ತಿಂಗಳು ಸೀನುತ್ತಾ ಬರೆದೆ. ಶಾಸನ, ಛಂದಸ್ಸು, ಗ್ರಂಥವಿಮರ್ಶೆ. ತಲೆಬರಹ ನಕಲು ಮಾಡುತ್ತಿದ್ದವನು ಯಾವಾಗ ಒಳಗಿನದನ್ನೂ ಓದತೊಡಗಿದೆನೋ ತಿಳಿಯದು. ಮುಂದೆ ನಮ್ಮೂರಿನ ಆದಿಲ್‌ಶಾಹಿ ಕಾಲದ ಬಾವಡಿಗಳ ಕುರಿತ ನನ್ನ ಲೇಖನ ಅಚ್ಚಾದಾಗ ಅದರ ಅಡಿಟಿಪ್ಪಣಿಗಳನ್ನು ಬಲ್ಲವರು ಮೆಚ್ಚಿದರು. ನಾನೇ ಹೇಳಿಕೊಳ್ಳಬಾರದು, ಆದರೂ ಹೇಳಿದ್ದೇನೆ.

ಈಗಿನ ಕಿರಿಯ ಅಧ್ಯಾಪಕರು ಲೇಖನ ಕೊಡುವ ಮೊದಲು ಕೇಳುವುದು ಪತ್ರಿಕೆಗೆ ಐಎಸ್‌ಎಸ್‌ಎನ್, ಅಂದರೆ ನಿಯತಕಾಲಿಕಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ, ಇದೆಯೇ ಎಂದು. ಬಡ್ತಿಯ ಲೆಕ್ಕ ಅವರಿಗೂ ಇರುತ್ತದೆ, ಬೈಯಲಾರೆ. ಆದರೆ ತಮ್ಮ ಲೇಖನದ ಪಕ್ಕದಲ್ಲಿ ಅಚ್ಚಾದದ್ದನ್ನಾದರೂ ಓದಬಾರದೇ?

ಶ್ರದ್ಧಾಂಜಲಿ ಸಭೆ ಮುಗಿಸಿ ಗ್ರಂಥಾಲಯಕ್ಕೆ ಹೋದೆ. ಕಾರ್ಡುಗಳ ತಗಡಿನ ಡಬ್ಬಿ ಇನ್ನೂ ಇದೆ. ಒಂದರಲ್ಲಿ ನಾನು ‘ಛಂದಸು’ ಎಂದು ಬರೆದಿದ್ದೇನೆ. ಗುರುಗಳು ಕೆಂಪು ಶಾಯಿಯಲ್ಲಿ ಒತ್ತು ಕೊಟ್ಟಿದ್ದಾರೆ. ಕಾರ್ಡನ್ನು ಮೆಲ್ಲಗೆ ಜೇಬಿಗೆ ಇಳಿಸಿದೆ. ಗ್ರಂಥಪಾಲಕಿ ಕೆಮ್ಮಿದರು. ಮರಳಿ ಅದರ ಜಾಗದಲ್ಲೇ ಇಟ್ಟೆ.