ಬಿಲ್ಲಿನ ಬಲ ಇಳಿಸಿದ ಮೂರನೆಯ ದಿನ

14 ಸೆಪ್ಟೆಂಬರ್ 2025, ಭಾನುವಾರ, ರಾತ್ರಿ

ಶುಕ್ರವಾರ ಮಧ್ಯಾಹ್ನ ನಮ್ಮ ತಂಡ ತನ್ನ ಕಂಪ್ಯೂಟರ್ ಆಟಕ್ಕೆ ಬಿಡುಗಡೆ ಮಾಡಿದ ಪ್ಯಾಚ್‌ನಲ್ಲಿ, ಅಂದರೆ ಆಟವನ್ನು ತಿದ್ದುವ ಪರಿಷ್ಕರಣೆಯಲ್ಲಿ, ಒಟ್ಟು 31 ಬದಲಾವಣೆಗಳಿದ್ದವು. ಅವುಗಳಲ್ಲಿ 30ರ ಬಗ್ಗೆ ಯಾರೂ ಚಕಾರವೆತ್ತಲಿಲ್ಲ. ಉಳಿದ ಒಂದು, ಆಟದಲ್ಲಿರುವ ಗಿಡ್ಡ ಬಿಲ್ಲಿನ ಬಾಣ ಶತ್ರುವಿಗೆ ಮಾಡುವ ಹಾನಿಯನ್ನು 18ರಿಂದ 14ಕ್ಕೆ ಇಳಿಸಿದ್ದು. ಮೂರು ದಿನಗಳಿಂದ ನಾನು ಓದುತ್ತಿರುವುದೆಲ್ಲ ಈ ನಾಲ್ಕು ಅಂಕಗಳ ಕುರಿತ ಮಾತುಗಳನ್ನೇ. ಆಟಗಾರರು ಬರೆದದ್ದನ್ನು ಓದಿ, ವಿಂಗಡಿಸಿ, ಆಟ ರೂಪಿಸುವವರಿಗೆ ಮುಟ್ಟಿಸುವುದು ಮತ್ತು ಅವರ ಉತ್ತರವನ್ನು ಆಟಗಾರರಿಗೆ ತಿಳಿಯುವ ಮಾತಿನಲ್ಲಿ ಹೇಳುವುದು ನನ್ನ ಕೆಲಸ. ಈ ಕೆಲಸಕ್ಕೆ ಸೇರುವ ಮೊದಲು ಬೇರೊಂದು ಆಟದ ಅಭಿಮಾನಿ ಬಳಗದಲ್ಲಿ ನಾಲ್ಕು ವರ್ಷ ಚರ್ಚೆಗಳನ್ನು ನಿಭಾಯಿಸುವ ಮಾಡರೇಟರ್ ಆಗಿದ್ದೆನಾದ್ದರಿಂದ ಈ ಜಗಳವನ್ನು ಎರಡೂ ದಡಗಳಲ್ಲಿ ನಿಂತು ನೋಡಿದ್ದೇನೆ.

ಬಿಲ್ಲಿನ ಬಲ ಇಳಿಸಿದ್ದಕ್ಕೆ ಕಾರಣವಿತ್ತು. ನಮ್ಮ ಲೆಕ್ಕದಂತೆ ಹತ್ತು ಆಟಗಾರರಲ್ಲಿ ಏಳು ಮಂದಿ ಮೂರನೆಯ ಹಂತ ದಾಟಿದ ಮೇಲೂ ಬಿಲ್ಲನ್ನು ಬಿಟ್ಟು ಬೇರೆ ಆಯುಧ ಮುಟ್ಟುತ್ತಿರಲಿಲ್ಲ. ಈಟಿಯನ್ನೂ ಜೋಡಿಗತ್ತಿಯನ್ನೂ ರೂಪಿಸಲು ತಿಂಗಳುಗಟ್ಟಲೆ ದುಡಿದವರಿಗೆ ಇದು ನೋವಿನ ಸಂಗತಿ. ಒಂದೇ ಆಯುಧ ಎಲ್ಲವನ್ನೂ ಗೆಲ್ಲುವಂತಿದ್ದರೆ ಆಟ ಬೇಗ ಸಪ್ಪೆಯಾಗುತ್ತದೆ ಎಂಬುದೂ ನಿಜ. ಆದರೆ ನಮ್ಮ ಕೋಷ್ಟಕ ಹೇಳಿದ್ದು ಎಷ್ಟು ಮಂದಿ ಬಿಲ್ಲು ಹಿಡಿದರು ಎಂಬುದನ್ನು ಮಾತ್ರ. ಏಕೆ ಹಿಡಿದರು ಎಂಬುದನ್ನು ಅದು ಹೇಳಲಿಲ್ಲ, ನಾವೂ ಕೇಳಲಿಲ್ಲ. ಪ್ಯಾಚ್‌ನ ಟಿಪ್ಪಣಿಯಲ್ಲಿ ಇದ್ದದ್ದು ‘ಆಯುಧಗಳ ಸಮತೋಲನವನ್ನು ಸರಿಪಡಿಸಲಾಗಿದೆ’ ಎಂಬ ಒಂದೇ ಸಾಲು. ಅದನ್ನು ಬರೆದವಳು ನಾನೇ. ಆ ಕರ್ಮಣಿ ಪ್ರಯೋಗದಲ್ಲಿ ಸರಿಪಡಿಸಿದವರು ಯಾರು, ಯಾವ ಕಾರಣಕ್ಕೆ ಎಂಬ ಎರಡೂ ಮಾಯವಾಗಿವೆ ಎಂಬುದು ಇವತ್ತು ಅದನ್ನು ಮತ್ತೆ ಓದಿದಾಗ ಕಣ್ಣಿಗೆ ಬಿತ್ತು.

ನಿನ್ನೆ ರಾತ್ರಿ ಹನ್ನೊಂದರ ಸುಮಾರಿಗೆ ಒಂದು ದೀರ್ಘ ಪತ್ರ ಬಂತು. ಬರೆದವರಿಗೆ ಬಲಗೈಯಲ್ಲಿ ಸ್ವಾಧೀನವಿಲ್ಲ. ಎಡಗೈ ಒಂದರಿಂದಲೇ ಆಡುತ್ತಾರೆ. ಈಟಿಯಿಂದ ಇರಿಯಲು ಒಂದು ಕೀಲಿಯನ್ನು ಒತ್ತಿ ಹಿಡಿದುಕೊಂಡೇ ಮೌಸ್ ಸರಿಸಬೇಕು, ಜೋಡಿಗತ್ತಿಗೆ ಮೌಸ್‌ನ ಎರಡೂ ಗುಂಡಿಗಳು ಬೇಕು. ಬಿಲ್ಲಿಗೆ ಮಾತ್ರ ಗುರಿ ತಾನಾಗಿ ಹತ್ತಿರದ ಶತ್ರುವಿನ ಮೇಲೆ ನಿಲ್ಲುವುದರಿಂದ ಒಂದೇ ಕೀಲಿ ಸಾಕು. 18ರ ಹಾನಿಯಿದ್ದಾಗ ನಾಲ್ಕನೆಯ ಹಂತದ ಕಾವಲುಗಾರ ಐದು ಬಾಣಕ್ಕೆ ಬೀಳುತ್ತಿದ್ದ, ಈಗ ಏಳು ಬೇಕು, ಅಷ್ಟರಲ್ಲಿ ಅವನು ಹತ್ತಿರ ಬಂದುಬಿಡುತ್ತಾನೆ ಎಂದು ಅವರು ಲೆಕ್ಕ ಕೊಟ್ಟಿದ್ದರು. ನಾನು ಪರೀಕ್ಷಿಸಿ ನೋಡಿದೆ, ಲೆಕ್ಕ ಸರಿಯಾಗಿತ್ತು. ಆ ಕಾವಲುಗಾರನ ಜೀವಬಲ 90. ಬೈಗುಳವೊಂದೂ ಇಲ್ಲದ ಆ ಪತ್ರದ ಕೊನೆಯಲ್ಲಿ ಅವರು ಕೇಳಿದ್ದು, ‘ಬಿಲ್ಲು ಸುಲಭವಾಗಿತ್ತು ಎಂದು ನಿಮಗೆ ಅನಿಸಿದ್ದು ಯಾರನ್ನು ನೋಡಿ?’ ಎಂಬ ಒಂದು ಪ್ರಶ್ನೆಯನ್ನು.

ಅದೇ ರಾತ್ರಿ ಬಂದ ಇನ್ನೊಂದು ಸಂದೇಶ ನನಗೆ ಬಂದದ್ದಲ್ಲ. ಆಯುಧಗಳ ಚಿತ್ರ ಬಿಡಿಸುವ ನಮ್ಮ ಸಹೋದ್ಯೋಗಿಯ ಖಾಸಗಿ ಖಾತೆಗೆ ಬಂದದ್ದು. ಆಕೆ ಬಿಲ್ಲಿನ ಕೆತ್ತನೆಯ ರೇಖಾಚಿತ್ರವನ್ನು ಕಳೆದ ವರ್ಷ ಸಂತೋಷದಿಂದ ತಮ್ಮ ಖಾತೆಯಲ್ಲಿ ಹಾಕಿಕೊಂಡಿದ್ದರು. ಬಿಲ್ಲು ಎಂದು ಹುಡುಕಿದ ಯಾರಿಗೋ ಮೊದಲು ಸಿಕ್ಕ ಹೆಸರು ಅವರದು. ಹಾನಿಯ ಅಂಕವನ್ನು ಇಳಿಸುವ ಸಭೆಯಲ್ಲಿ ಅವರು ಇರಲೇ ಇಲ್ಲ. ಅವರ ಮನೆಯ ವಿಳಾಸ ತನಗೆ ಗೊತ್ತಿದೆ ಎಂಬ ಅರ್ಥದ ಆ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಬೆಳಿಗ್ಗೆ ಅವರು ನನಗೆ ಫೋನ್ ಮಾಡಿದಾಗ ದನಿ ಸಣ್ಣಗಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ಎಷ್ಟೋ ಸಲ ಕೇಳಿದ್ದರೂ, ಬರೆಯ ಉರಿಯನ್ನು ಇಷ್ಟು ಹತ್ತಿರದಿಂದ ಕಂಡದ್ದು ಇದೇ ಮೊದಲು.

ಈ ಎರಡು ಸಂದೇಶಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಇಡೀ ದಿನ ಯೋಚಿಸಿದೆ. ಆಟ ತಯಾರಿಸುವವರಿಗೂ ಅಭಿಮಾನಿಗಳಿಗೂ ನಡೆದ ದೊಡ್ಡ ಜಗಳಗಳನ್ನು ನೆನಪಿಸಿಕೊಂಡಷ್ಟೂ ನನಗೆ ಗಟ್ಟಿಯಾಗುತ್ತಿರುವ ಅಭಿಪ್ರಾಯವೆಂದರೆ, ಅಭಿಮಾನಿಗಳು ದೂರುವ ವಿಷಯದಲ್ಲಿ ಬಹುಪಾಲು ಹುರುಳಿರುತ್ತದೆ, ಆದರೆ ಆ ದೂರು ತೀರ್ಮಾನ ಕೈಗೊಂಡವರನ್ನು ಮುಟ್ಟದೆ ಅವರ ಮುಂದೆ ನಿಂತ ಯಾರ ಮೇಲೋ ಬೀಳುತ್ತದೆ. ಹಾಗೆ ಬೀಳುವುದಕ್ಕೆ ಅಭಿಮಾನಿಗಳ ಆವೇಶ ಎಷ್ಟು ಕಾರಣವೋ, ತೀರ್ಮಾನ ಕೈಗೊಂಡವರು ಮರೆಯಲ್ಲಿ ಉಳಿಯುವ ನಮ್ಮ ಉದ್ಯಮದ ಅಭ್ಯಾಸವೂ ಅಷ್ಟೇ ಕಾರಣ.

2017ರ ನವೆಂಬರ್‌ನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಬಿಡುಗಡೆಯ ಹೊಸ್ತಿಲಲ್ಲಿದ್ದಾಗ ನಡೆದದ್ದು ಇದಕ್ಕೆ ಸ್ಪಷ್ಟವಾದ ನಿದರ್ಶನ. ಪೂರ್ತಿ ಬೆಲೆ ಕೊಟ್ಟು ಆಟ ಕೊಂಡವರಿಗೂ ಸ್ಟಾರ್ ವಾರ್ಸ್‌ನ ಖ್ಯಾತ ಖಳನಾಯಕ ಡಾರ್ತ್ ವೇಡರ್ ಪಾತ್ರ ಕೈಗೆ ಬರಬೇಕಾದರೆ ಆಟದೊಳಗಿನ ನಾಣ್ಯವಾದ ಕ್ರೆಡಿಟ್ 60,000 ಗಳಿಸಬೇಕಿತ್ತು. ಅದಕ್ಕೆ ಸುಮಾರು 40 ಗಂಟೆ ಆಡಬೇಕಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದವರು ಆಟಗಾರರೇ. ಹೀಗೆ ಕಷ್ಟಪಟ್ಟು ಗಳಿಸಿದಾಗ ಆಟಗಾರರಿಗೆ ಹೆಮ್ಮೆಯೂ ಸಾಧನೆಯ ಭಾವವೂ ಉಂಟಾಗಲೆಂಬುದು ತಮ್ಮ ಉದ್ದೇಶ ಎಂದು ಸಂಸ್ಥೆಯ ಸಮುದಾಯ ತಂಡ ರೆಡ್ಡಿಟ್ ಎಂಬ ಚರ್ಚಾತಾಣದಲ್ಲಿ ಉತ್ತರಿಸಿತು. ಆ ಉತ್ತರಕ್ಕೆ 6 ಲಕ್ಷಕ್ಕೂ ಹೆಚ್ಚು ಡೌನ್‌ವೋಟ್, ಅಂದರೆ ಅಸಮ್ಮತಿಯ ಮತ, ಬಿದ್ದು ಅದು ಗಿನ್ನೆಸ್ ದಾಖಲೆಯಾಯಿತು. ಮರುದಿನವೇ ಪಾತ್ರದ ಬೆಲೆಯನ್ನು 15,000ಕ್ಕೆ ಇಳಿಸಿದರು, ಬಿಡುಗಡೆಯ ಮುನ್ನಾದಿನ ಆಟದೊಳಗೆ ನಿಜವಾದ ಹಣ ಕೊಟ್ಟು ಕೊಳ್ಳುವ ವ್ಯವಸ್ಥೆಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದರು. ಮುಂದಿನ ವರ್ಷದ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ, ಈ ಆಟದಲ್ಲೂ ಇದ್ದಂಥ, ಹಣ ಕೊಟ್ಟು ಅದೃಷ್ಟ ಪರೀಕ್ಷಿಸುವ ಲೂಟ್ ಬಾಕ್ಸ್‌ಗಳು ಜೂಜಿನ ಕಾನೂನಿಗೆ ವಿರುದ್ಧ ಎಂದು ಹೇಳಿತು. ಅಂದರೆ ಆಟಗಾರರ ದೂರಿನಲ್ಲಿ ತಿರುಳಿತ್ತು. ಆದರೆ ಬೆಲೆ ನಿಗದಿ ಮಾಡುವವರು ಮತ್ತು ರೆಡ್ಡಿಟ್‌ನಲ್ಲಿ ಉತ್ತರ ಬರೆಯುವವರು ಒಬ್ಬರೇ ಆಗಿರುವುದು ಇಂಥ ಸಂಸ್ಥೆಗಳಲ್ಲಿ ತೀರ ಅಪರೂಪ ಎಂಬುದು ಈ ಕೆಲಸ ಮಾಡುವ ನನಗೆ ಗೊತ್ತು.

ಇದಕ್ಕಿಂತ ಎರಡು ವರ್ಷ ಮುಂಚೆ, 2015ರ ಏಪ್ರಿಲ್ 23ರಂದು, ವಾಲ್ವ್ ಮತ್ತು ಬೆಥೆಸ್ಡಾ ಸಂಸ್ಥೆಗಳು ಸ್ಕೈರಿಮ್ ಆಟಕ್ಕೆ ಅಭಿಮಾನಿಗಳು ಮಾಡಿದ ಮಾಡ್‌ಗಳನ್ನು, ಅಂದರೆ ಆಟಕ್ಕೆ ಅವರೇ ಮಾಡಿ ಸೇರಿಸುವ ಮಾರ್ಪಾಡುಗಳನ್ನು, ವಾಲ್ವ್‌ನ ಆನ್‌ಲೈನ್ ಆಟದ ಅಂಗಡಿಯಾದ ಸ್ಟೀಮ್‌ನಲ್ಲಿ ಹಣಕ್ಕೆ ಮಾರಲು ಅವಕಾಶ ಕೊಟ್ಟವು. ಮಾಡ್ ಮಾಡಿದವರ ಪಾಲು 25 ಶೇಕಡ. ನಾಲ್ಕೇ ದಿನಗಳಲ್ಲಿ, 27ರಂದು, ಯೋಜನೆಯನ್ನು ಹಿಂತೆಗೆದುಕೊಂಡು ಕೊಂಡವರ ಹಣವನ್ನು ಮರಳಿಸಿದರು. ಮಾಡ್ ಮಾಡುವವರಿಗೆ ಹಣ ಸಿಗಬಾರದೇ ಎಂಬ ಪ್ರಶ್ನೆ ನನ್ನನ್ನು ಇವತ್ತಿಗೂ ಕಾಡುತ್ತದೆ, ಏಕೆಂದರೆ ನನ್ನ ಬಳಗದ ಗೆಳೆಯರೊಬ್ಬರು ಒಂದು ಆಟದ ಅಕ್ಷರವಿನ್ಯಾಸ ಸರಿಪಡಿಸಲು ಎಂಟು ತಿಂಗಳ ರಾತ್ರಿಗಳನ್ನು ಬಿಡಿಗಾಸಿಲ್ಲದೆ ಕೊಟ್ಟದ್ದನ್ನು ನೋಡಿದ್ದೇನೆ. ಆದರೆ ವರ್ಷಗಟ್ಟಲೆ ಪರಸ್ಪರ ಕೊಟ್ಟು ತೆಗೆದುಕೊಂಡು ಬೆಳೆದ ಬಳಗದ ನಡುವೆ ಅವರನ್ನೊಂದು ಮಾತೂ ಕೇಳದೆ ಗಲ್ಲಾಪೆಟ್ಟಿಗೆ ತಂದಿಟ್ಟದ್ದು ತಪ್ಪು. ಹಾಫ್-ಲೈಫ್ ಎಂಬ ಆಟಕ್ಕೆ ಮಾಡ್ ಆಗಿ 1999ರಲ್ಲಿ ಹುಟ್ಟಿದ ಕೌಂಟರ್-ಸ್ಟ್ರೈಕ್ ಅನ್ನು ಅದೇ ವಾಲ್ವ್ ಅದನ್ನು ಮಾಡಿದವರೊಂದಿಗೆ ಮಾತಾಡಿಯೇ ತನ್ನದಾಗಿಸಿಕೊಂಡಿತ್ತು ಎಂಬುದನ್ನು ನೆನೆದರೆ ಇದು ಇನ್ನಷ್ಟು ಎದ್ದು ಕಾಣುತ್ತದೆ.

ಹೆಲ್‌ಡೈವರ್ಸ್ 2 ಆಟದ ಪ್ರಕರಣ ಇತ್ತೀಚಿನದು. 2024ರ ಮೇ ತಿಂಗಳ ಆರಂಭದಲ್ಲಿ, ಕಂಪ್ಯೂಟರ್‌ನಲ್ಲಿ ಆಡುವವರೂ ಪ್ಲೇಸ್ಟೇಷನ್ ಖಾತೆಯನ್ನು ಜೋಡಿಸಲೇಬೇಕು ಎಂದು ಆಟದ ಪ್ರಕಾಶಕ ಸಂಸ್ಥೆ ಸೋನಿ ಹೇಳಿತು. ಆ ಖಾತೆ ಸಿಗದ ದೇಶಗಳಲ್ಲಿಯೂ ಆಟ ಮಾರಾಟವಾಗಿತ್ತು. ಸ್ಟೀಮ್‌ನಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಪ್ರತಿಕೂಲ ವಿಮರ್ಶೆಗಳು ಬಂದು, ಕೆಲವೇ ದಿನಗಳಲ್ಲಿ ಸೋನಿ ತನ್ನ ತೀರ್ಮಾನವನ್ನು ಕೈಬಿಟ್ಟಿತು. ಇಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಆಟವನ್ನು ತಯಾರಿಸಿದ ಆ್ಯರೋಹೆಡ್ ಸಂಸ್ಥೆಯ ಅಂದಿನ ಮುಖ್ಯಸ್ಥ ಯೋಹಾನ್ ಪಿಲೆಸ್ಟೆಟ್ ನಡೆದುಕೊಂಡ ರೀತಿ. ಈ ನಿಯಮ ಬರುವುದು ಬಿಡುಗಡೆಗೆ ಆರು ತಿಂಗಳ ಮೊದಲೇ ತನಗೆ ತಿಳಿದಿತ್ತು, ತಪ್ಪಿನಲ್ಲಿ ತನ್ನ ಪಾಲೂ ಇದೆ ಎಂದು ಅವರು ತಮ್ಮ ಹೆಸರಿನಲ್ಲಿಯೇ ಬರೆದರು. ಸಂದೇಶ ಓದುವವರ ಹೆಗಲ ಮೇಲಿನ ಭಾರವನ್ನು ಮುಖ್ಯಸ್ಥರೊಬ್ಬರು ತಾವೇ ಮುಂದೆ ಬಂದು ಹೊತ್ತುಕೊಂಡದ್ದನ್ನು ನಾನು ಹೆಚ್ಚು ಕಂಡಿಲ್ಲ.

ದೂರಿನಲ್ಲಿ ಹುರುಳೇ ಇಲ್ಲದ ಸಂದರ್ಭಗಳೂ ಇವೆ, ಅವನ್ನು ಮುಚ್ಚಿಡಲಾರೆ. 2016ರ ಮೇ ತಿಂಗಳಲ್ಲಿ ನೋ ಮ್ಯಾನ್ಸ್ ಸ್ಕೈ ಆಟದ ಬಿಡುಗಡೆ ಕೆಲವು ವಾರಗಳಷ್ಟು ಮುಂದೆ ಹೋಯಿತು ಎಂಬ ಒಂದೇ ಕಾರಣಕ್ಕೆ ಅದರ ಮುಖ್ಯಸ್ಥ ಶಾನ್ ಮರ್ರೆ ಅವರಿಗೂ, ಆ ಸುದ್ದಿ ಬರೆದ ಪತ್ರಕರ್ತರಿಗೂ ಕೊಲೆ ಬೆದರಿಕೆಗಳು ಬಂದವು. ಆಗಸ್ಟ್‌ನಲ್ಲಿ ಆಟ ಬಂದ ಮೇಲೆ ಹೇಳಿದ್ದೆಲ್ಲ ಅದರಲ್ಲಿಲ್ಲ ಎಂಬ ನ್ಯಾಯವಾದ ದೂರು ಬಂತು, ಆದರೆ ಬೆದರಿಕೆಗಳು ಅದಕ್ಕಿಂತ ಮೊದಲೇ ಬಂದಿದ್ದವು. 2020ರಲ್ಲಿ ದಿ ಲಾಸ್ಟ್ ಆಫ್ ಅಸ್ ಭಾಗ 2ರ ಆ್ಯಬಿ ಪಾತ್ರಕ್ಕೆ ದನಿ ಕೊಟ್ಟ ಲಾರಾ ಬೇಲಿ ಅವರಿಗೆ ಬಂದ ಬೆದರಿಕೆಗಳಲ್ಲಿ ಅವರ ಮಗುವಿನ ಉಲ್ಲೇಖವೂ ಇತ್ತು. ಕಥೆಯನ್ನು ಬರೆದವರು ಆಕೆಯಲ್ಲ. ನಮ್ಮ ಚಿತ್ರಕಲಾವಿದೆಯ ಪರಿಸ್ಥಿತಿಗೂ ಇದಕ್ಕೂ ಅಂತರವೇನೂ ಇಲ್ಲ.

ಇಂಥದ್ದನ್ನು ನ್ಯಾಯಾಲಯ ಗಂಭೀರವಾಗಿ ಪರಿಗಣಿಸಿದ ಒಂದು ನಿದರ್ಶನವನ್ನು ನಾನು ಆಕೆಗೆ ಹೇಳಿದೆ. ಡೆಸ್ಟಿನಿ 2 ತಯಾರಿಸುವ ಬಂಗಿ ಸಂಸ್ಥೆ ತನ್ನ ಸಮುದಾಯ ನಿರ್ವಾಹಕರಿಗೂ ಅವರ ಪತ್ನಿಗೂ ಕಿರುಕುಳ ಕೊಟ್ಟ ವ್ಯಕ್ತಿಯ ಮೇಲೆ ಮೊಕದ್ದಮೆ ಹೂಡಿ, 2023ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ನ್ಯಾಯಾಲಯದಿಂದ ಸುಮಾರು 4 ಲಕ್ಷ 89 ಸಾವಿರ ಡಾಲರ್ ಪರಿಹಾರದ ತೀರ್ಪು ಪಡೆಯಿತು. ಈ ವರ್ಷದ ಜನವರಿಯಲ್ಲಿ ಸ್ಕ್ವೇರ್ ಎನಿಕ್ಸ್ ಸಂಸ್ಥೆ, ತನ್ನ ಸಿಬ್ಬಂದಿಗೆ ಬೆದರಿಕೆ ಹಾಕುವವರಿಗೆ ಸೇವೆಯನ್ನು ನಿರಾಕರಿಸಬಹುದು, ಕಾನೂನು ಕ್ರಮವನ್ನೂ ಕೈಗೊಳ್ಳಬಹುದು ಎಂಬ ನೀತಿಯನ್ನು ಪ್ರಕಟಿಸಿತು. ನಮ್ಮದು ಸಣ್ಣ ತಂಡ, ವಕೀಲರಿಲ್ಲ. ಆದರೂ ಮಧ್ಯಾಹ್ನದ ಹೊತ್ತಿಗೆ ಆ ಸಂದೇಶದ ಚಿತ್ರ, ಸಮಯ, ಖಾತೆಯ ಹೆಸರು ಎಲ್ಲವನ್ನೂ ತೆಗೆದಿಟ್ಟು ಪೊಲೀಸರಿಗೆ ದೂರು ಕೊಟ್ಟೆವು, ಆ ಖಾತೆಯನ್ನು ನಮ್ಮ ಬಳಗದಿಂದ ಶಾಶ್ವತವಾಗಿ ಹೊರಹಾಕಿದೆವು.

ಸಂಜೆ ನಮ್ಮ ತಂಡದ ಮುಖ್ಯಸ್ಥರೊಂದಿಗೂ ಬಿಲ್ಲಿನ ಅಂಕ ಇಳಿಸಿದ ವಿನ್ಯಾಸಕರೊಂದಿಗೂ ಕರೆಯಲ್ಲಿ ಮಾತಾಡಿದೆ. ಬೆದರಿಕೆಗೆ ಮಣಿದು ಅಂಕ ಬದಲಿಸಿದರೆ ಬೆದರಿಕೆ ಹಾಕಿದರೆ ಕೆಲಸವಾಗುತ್ತದೆ ಎಂದು ಕಲಿಸಿದಂತಾಗುತ್ತದೆ ಎಂಬುದು ವಿನ್ಯಾಸಕರ ವಾದ. ಅದು ಸುಳ್ಳಲ್ಲ. ನಾನು ಆ ಸಂದೇಶದ ಮಾತನ್ನೇ ಎತ್ತದೆ ಒಂದು ಕೈಯಿಂದ ಆಡುವವರ ಪತ್ರವನ್ನು ಪೂರ್ತಿ ಓದಿ ಹೇಳಿದೆ. ಐದು ಬಾಣ, ಏಳು ಬಾಣ ಎಂಬ ಲೆಕ್ಕ ಬಂದಾಗ ವಿನ್ಯಾಸಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಪರೀಕ್ಷೆಗಳೆಲ್ಲ ಎರಡು ಕೈಯವರ ಮೇಲೆಯೇ ನಡೆದಿದ್ದವು ಎಂದರು. ಈಟಿಯನ್ನೂ ಜೋಡಿಗತ್ತಿಯನ್ನೂ ಒಂದೇ ಕೈಯಿಂದ ಬಳಸುವ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಕೊಡಲು ಕನಿಷ್ಠ ಆರು ವಾರ ಬೇಕು. ಅಲ್ಲಿಯವರೆಗೆ ಬಿಲ್ಲಿನ ಹಾನಿ 18 ಇರಲಿ ಎಂದು ಅವರೇ ಸೂಚಿಸಿದರು.

ನಾಳೆ ಬೆಳಿಗ್ಗೆ ಹೋಗಬೇಕಾದ ಟಿಪ್ಪಣಿಯನ್ನು ಈಗಷ್ಟೇ ಬರೆದು ಮುಗಿಸಿದೆ. ಅದರಲ್ಲಿ ‘ಸರಿಪಡಿಸಲಾಗಿದೆ’ ಎಂಬ ಪದವಿಲ್ಲ. ಅಂಕವನ್ನು ಏಕೆ ಇಳಿಸಿದೆವು, ಯಾವ ಲೆಕ್ಕ ನೋಡಿ ಇಳಿಸಿದೆವು, ಆ ಲೆಕ್ಕದಲ್ಲಿ ಯಾರನ್ನು ಬಿಟ್ಟುಬಿಟ್ಟಿದ್ದೆವು ಎಂದು ಒಂದೊಂದಾಗಿ ಬರೆದಿದ್ದೇನೆ. ಕೆಳಗೆ ಮುಖ್ಯಸ್ಥರ ಹೆಸರಿದೆ. ನಾನು ಕೇಳಿದಾಗ ಅವರು ಹಿಂದೆಮುಂದೆ ನೋಡದೆ ಒಪ್ಪಿಕೊಂಡರು. ಸಹೋದ್ಯೋಗಿಯನ್ನು ಬೆದರಿಸಿದ ಖಾತೆಯನ್ನು ಹೊರಹಾಕಿರುವುದನ್ನೂ, ಚಿತ್ರ ಬಿಡಿಸುವವರಿಗೂ ಆಯುಧದ ಬಲಕ್ಕೂ ಸಂಬಂಧವಿಲ್ಲ ಎಂಬುದನ್ನೂ ಬೇರೆಯೇ ಒಂದು ಪ್ಯಾರಾದಲ್ಲಿ ಇಟ್ಟಿದ್ದೇನೆ.

ಪತ್ರ ಬರೆದವರಿಗೆ ಮಾತ್ರ ಇವತ್ತೇ ಉತ್ತರಿಸಿ, ಹೊಸ ಆಯ್ಕೆಯನ್ನು ಬಿಡುಗಡೆಗೆ ಮುಂಚೆ ಪರೀಕ್ಷಿಸಿ ಕೊಡುವಿರಾ ಎಂದು ಸಂಭಾವನೆಯ ವಿವರದೊಂದಿಗೆ ಕೇಳಿದ್ದೆ. ಅರ್ಧ ಗಂಟೆಯ ಹಿಂದೆ ಅವರ ಮರುತ್ತರ ಬಂತು. ಎಡಗೈಯ ಯಾವ ಬೆರಳಿಗೆ ಯಾವ ಕೀಲಿ ಎಟುಕುತ್ತದೆ ಎಂಬ ಪಟ್ಟಿಯನ್ನು ಅವರು ಆಗಲೇ ಮಾಡಿ ಕಳಿಸಿದ್ದಾರೆ: ಕಿರುಬೆರಳಿಗೆ ಶಿಫ್ಟ್ ಎಟುಕುತ್ತದೆ, ಕಂಟ್ರೋಲ್ ಎಟುಕುವುದಿಲ್ಲ, ಹೆಬ್ಬೆರಳನ್ನು ಸ್ಪೇಸ್‌ಬಾರ್ ಬಿಟ್ಟು ಸರಿಸಬೇಡಿ, ಅದರ ಆಧಾರದ ಮೇಲೆಯೇ ಕೈ ನಿಂತಿರುತ್ತದೆ. ಅದನ್ನು ಹಾಗೆಯೇ ವಿನ್ಯಾಸಕರಿಗೆ ಕಳಿಸಿ ಈಗ ಮಲಗಲು ಹೊರಟಿದ್ದೇನೆ.