ಮಿಸ್, ಈ ಪುಸ್ತಕ ನನ್ನ ಬಗ್ಗೆ ಅಲ್ಲ

ತೆಳ್ಳಗಿನ ಪುಸ್ತಕ ಕೈಗೆ ಬಂದರೆ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಹಬ್ಬ. ಸಾಂಡ್ರಾ ಸಿಸ್ನೆರೋಸ್ ಅವರ ‘ದ ಹೌಸ್ ಆನ್ ಮ್ಯಾಂಗೋ ಸ್ಟ್ರೀಟ್’ ಹಂಚಿದ ದಿನ ಎಲ್ಲರೂ ಮೊದಲು ನೋಡುವುದು ಕೊನೇ ಪುಟದ ನಂಬರ್. ಆಮೇಲೆ ಒಳಗೆ ತಿರುವಿ ಹಾಕುತ್ತಾರೆ. 44 ಚಿಕ್ಕ ಚಿಕ್ಕ ತುಣುಕುಗಳು, ಕೆಲವಂತೂ ಒಂದೇ ಪುಟ. ಯಾರಾದರೂ ಮಾತಾಡಿದರೆ ಅದಕ್ಕೆ ಉದ್ಧರಣ ಚಿಹ್ನೆ ಕೂಡ ಇಲ್ಲ. ‘ನಾವು ಹೀಗೆ ಬರೆದರೆ ಮಾರ್ಕ್ಸ್ ಕಟ್ ಮಾಡ್ತೀರಲ್ಲ ಮಿಸ್’ ಅಂತ ಪ್ರತಿ ಸಲ ಒಬ್ಬರಾದರೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ.

ನಾನು ಇಂಗ್ಲಿಷ್ ಪಾಠ ಮಾಡುವುದು ಶಿಕಾಗೋದಿಂದ ಪಶ್ಚಿಮಕ್ಕೆ ಸುಮಾರು 60 ಕಿಲೋಮೀಟರ್ ದೂರದ ಅರೋರಾದಲ್ಲಿ. ಈ ಭಾಗದ ಕನ್ನಡದವರಿಗೆ ಅರೋರಾ ಅಂದರೆ ಬಾಲಾಜಿ ದೇವಸ್ಥಾನ. ಊರಿಂದ ಬಂದ ಅಪ್ಪ ಅಮ್ಮನನ್ನು ಒಂದು ಶನಿವಾರ ಕರಕೊಂಡು ಬರುತ್ತಾರೆ, ದರ್ಶನ ಮುಗಿಸಿ ಪುಳಿಯೋಗರೆ ತಿಂದು ಹೈವೇ ಹತ್ತುತ್ತಾರೆ. ಊರಿನ ಪೂರ್ವದ ಕಡೆಗೆ ಅವರಿಗೆ ಕೆಲಸ ಬೀಳುವುದಿಲ್ಲ. ಸುಮಾರು ನೂರು ವರ್ಷದ ಹಿಂದೆ ರೈಲ್ವೆ ಕೆಲಸಕ್ಕೆ ಬಂದ ಮೆಕ್ಸಿಕನ್ ಕುಟುಂಬಗಳ ಮೊಮ್ಮಕ್ಕಳು, ಮರಿಮಕ್ಕಳು ಅಲ್ಲಿದ್ದಾರೆ. ಈಚೆಗೆ ಬಂದವರೂ ಇದ್ದಾರೆ. ನನ್ನ ಕ್ಲಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಆ ಕಡೆಯವರು.

ಪುಸ್ತಕ ಗೊತ್ತಿಲ್ಲದವರಿಗೆ ಎರಡು ಮಾತು. 1984ರಲ್ಲಿ ಹ್ಯೂಸ್ಟನ್ನಿನ ಆರ್ತೆ ಪುಬ್ಲಿಕೋ ಎಂಬ ಚಿಕ್ಕ ಪ್ರಕಾಶನದಿಂದ ಬಂತು. ಶಿಕಾಗೋದ ಒಂದು ಬಡ ಬೀದಿಯಲ್ಲಿ ಬೆಳೆಯುತ್ತಿರುವ ಎಸ್ಪರಾನ್ಸಾ ಎಂಬ ಮೆಕ್ಸಿಕನ್ ಮನೆಯ ಹುಡುಗಿ ತನ್ನ ಮನೆ, ಅಕ್ಕಪಕ್ಕದ ಹೆಂಗಸರು, ಗೆಳತಿಯರ ಕತೆ ಹೇಳುತ್ತಾಳೆ. ಸಿಸ್ನೆರೋಸ್ ಹುಟ್ಟಿದ್ದೂ ಶಿಕಾಗೋದಲ್ಲೇ, 1954ರಲ್ಲಿ. ಆರು ಜನ ಗಂಡುಮಕ್ಕಳ ನಡುವೆ ಒಬ್ಬಳೇ ಹೆಣ್ಣುಮಗಳು. ಶಾಲೆ ಬಿಟ್ಟ ಮಕ್ಕಳಿಗಾಗಿ ಶಿಕಾಗೋದಲ್ಲಿದ್ದ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಾಗ ಅಲ್ಲಿನ ಹುಡುಗಿಯರು ಹೇಳಿಕೊಂಡ ಕಷ್ಟಗಳೂ ಈ ಪುಸ್ತಕದೊಳಗೆ ಸೇರಿಕೊಂಡವು. ನಾನೂ ಟೀಚರ್ ಆದ್ದರಿಂದಲೋ ಏನೋ, ನನಗೆ ಇದು ಬಹಳ ದೊಡ್ಡ ವಿಷಯ.

ಈ ಪಾಠಕ್ಕೆ ನಮಗೊಂದು ಸಿದ್ಧ ವರ್ಕ್‌ಶೀಟ್ ಇದೆ. ಅದರ ಮೊದಲ ಪ್ರಶ್ನೆ, ‘ಈ ಪುಸ್ತಕದಲ್ಲಿ ನಿನ್ನನ್ನು ನೀನು ಎಲ್ಲಿ ಕಾಣುತ್ತೀಯ?’ ಕೇಳುವವರ ಮನಸ್ಸಿನಲ್ಲಿ ಉತ್ತರ ಮೊದಲೇ ಇರುತ್ತದೆ. ಮೆಕ್ಸಿಕನ್ ಮಕ್ಕಳು ಖುಷಿಯಿಂದ ಪುಟಗಟ್ಟಲೆ ಬರೆಯಬೇಕು. ಉಳಿದವರು ಸಹಾನುಭೂತಿಯಿಂದ ತಲೆಯಾಡಿಸಬೇಕು.

ಹೋದ ವರ್ಷ ಒಬ್ಬಳು ಹುಡುಗಿ ಆ ಪ್ರಶ್ನೆಯ ಕೆಳಗೆ ‘ಎಲ್ಲೂ ಇಲ್ಲ’ ಅಂತ ಬರೆದು ಹಾಳೆ ತಿರುಗಿಸಿಟ್ಟಳು. ಅವಳ ಮುತ್ತಜ್ಜನ ಕಾಲದಿಂದ ಮನೆಯವರು ಇಲ್ಲೇ ಇದ್ದಾರೆ. ಅಪ್ಪನಿಗೆ ಏಸಿ, ಹೀಟರ್ ರಿಪೇರಿಯ ಸ್ವಂತ ವ್ಯವಹಾರ, ನಾಲ್ಕು ವ್ಯಾನ್ ಓಡುತ್ತವೆ. ಅವಳಿಗೆ ಸ್ಪ್ಯಾನಿಷ್ ಬರುವುದಿಲ್ಲ. ಅದಕ್ಕೇ ಕಸಿನ್‌ಗಳು ಅವಳನ್ನು ‘ನೋ ಸಾಬೋ’ (‘ಗೊತ್ತಿಲ್ಲ’ ಅನ್ನುವುದರ ತಪ್ಪು ಸ್ಪ್ಯಾನಿಷ್) ಅಂತ ಆಡಿಕೊಳ್ಳುತ್ತಾರೆ. ಆರನೇ ಕ್ಲಾಸಿನಿಂದಲೂ ಇಂಥ ಪುಸ್ತಕ ಬಂದಾಗಲೆಲ್ಲ ಟೀಚರ್‌ಗಳು ಅವಳ ಮುಖ ನೋಡಿ ನಗುತ್ತಾರಂತೆ. ‘ಮಿಸ್, ಈ ಪುಸ್ತಕ ನನ್ನ ಬಗ್ಗೆ ಅಲ್ಲ. ನಮ್ಮ ಮನೇಲಿ ಮೂರು ಬಾತ್‌ರೂಂ ಇದೆ. ಪ್ರತಿ ಸಲ ಮೆಕ್ಸಿಕನ್ ಅಂದರೆ ಬಡವರೇ ಯಾಕಾಗಬೇಕು?’

ಹಿಂದಿನ ಬೆಂಚಿನಿಂದ ಒಬ್ಬ, ‘ನಮ್ಮ ಮನೇಲಿ ಒಂದೇ ಇರೋದು, ಜನ ಏಳು. ಅದಕ್ಕೆ ನಾನೇನು ಪುಸ್ತಕ ಬರೆದಿಲ್ಲ’ ಅಂದ. ಕ್ಲಾಸೆಲ್ಲ ನಕ್ಕಿತು. ಅವಳೂ ನಕ್ಕಳು. ಅಲ್ಲಿಂದ ಮುಂದಕ್ಕೆ ವರ್ಕ್‌ಶೀಟಿನ ಕೆಲಸ ಏನೂ ಉಳಿಯಲಿಲ್ಲ. ಮಕ್ಕಳು ಪುಸ್ತಕದ ಜೊತೆ ಜಗಳಕ್ಕೇ ಬಿದ್ದರು. ನನಗೆ ಬೇಕಾಗಿದ್ದೂ ಅದೇ. ಹದಿನಾಲ್ಕರ ವಯಸ್ಸಿನವರಿಗೆ ಪುಸ್ತಕ ಕೊಟ್ಟು ‘ಇದು ನೀನೇ, ನೋಡ್ಕೋ’ ಅನ್ನುವುದರಲ್ಲಿ ಒಂದು ದಬ್ಬಾಳಿಕೆ ಇದೆ. ಪ್ರೀತಿಯಿಂದ ಮಾಡಿದರೂ ದಬ್ಬಾಳಿಕೆಯೇ.

ಅನ್ನದ ಸ್ಯಾಂಡ್‌ವಿಚ್ ವಿಷಯ ಹೇಳಲೇಬೇಕು. ಒಂದು ತುಣುಕಿನಲ್ಲಿ ಎಸ್ಪರಾನ್ಸಾಗೆ ಮನೆಗೆ ಹೋಗದೆ ಸ್ಕೂಲಿನ ಕ್ಯಾಂಟೀನಿನಲ್ಲೇ ಊಟ ಮಾಡುವ ಆಸೆ. ಅಮ್ಮನನ್ನು ಕಾಡಿ ಬೇಡಿ ಒಪ್ಪಿಸುತ್ತಾಳೆ. ಮನೆಯಲ್ಲಿ ಮಾಂಸ ಇಲ್ಲದ್ದರಿಂದ ಅಮ್ಮ ಬ್ರೆಡ್ ನಡುವೆ ಅನ್ನ ಇಟ್ಟು ಕಟ್ಟಿಕೊಡುತ್ತಾಳೆ. ಸ್ಕೂಲಿನ ದೊಡ್ಡ ಸಿಸ್ಟರ್ ಅವಳನ್ನು ಕಿಟಕಿ ಹತ್ತಿರ ನಿಲ್ಲಿಸಿ, ಕಾಣುವ ಮನೆಗಳಲ್ಲೇ ಅತಿ ಕೊಳಕಾದ ಸಾಲನ್ನು ತೋರಿಸಿ ನಿನ್ನ ಮನೆ ಅದೇನಾ ಅನ್ನುತ್ತಾಳೆ. ಹುಡುಗಿ ಅಲ್ಲ ಅನ್ನಲಾರದೆ ತಲೆಯಾಡಿಸಿ ಅಳುತ್ತಾಳೆ.

ವರ್ಕ್‌ಶೀಟಿನಲ್ಲಿ ಇದಕ್ಕೆ ಕೊಟ್ಟಿರುವುದು ‘ವರ್ಗ ಮತ್ತು ಅವಮಾನ’ ಎಂಬ ಶೀರ್ಷಿಕೆ. ಮಕ್ಕಳು ಹಿಡಿದಿದ್ದು ಸ್ಯಾಂಡ್‌ವಿಚ್ಚನ್ನು. ತೆಲುಗು ಮನೆಯ ಹುಡುಗಿ ಒಬ್ಬಳು, ಅನ್ನವನ್ನು ಬ್ರೆಡ್ಡಿಗೆ ತುಂಬುವುದು ಅನ್ನಕ್ಕೆ ಮಾಡುವ ಅವಮಾನ ಅಂದಳು. ಬರಿಟೋದಲ್ಲಿ ಅನ್ನ ಇರಲ್ವಾ ಅಂತ ಇನ್ನೊಬ್ಬ. ಅದು ಅಮೆರಿಕದವರ ಬರಿಟೋ, ನಮ್ಮಜ್ಜಿ ಊರಲ್ಲಿ ಯಾರೂ ಅನ್ನ ಹಾಕಲ್ಲ ಅಂತ ಮತ್ತೊಬ್ಬಳು. ಹೀಗೆ ಹತ್ತು ನಿಮಿಷ. ನಾನು ಸುಮ್ನೆ ಕೂತಿದ್ದೆ. ಕೊನೆಗೆ ‘ಎಲ್ಲೂ ಇಲ್ಲ’ ಅಂದ ಹುಡುಗಿಯೇ ಕೈ ಎತ್ತಿ, ‘ಅವಳು ತೋರಿಸಿದ ಮನೆ ಇವಳದ್ದಲ್ಲ. ಆದರೂ ಹೂಂ ಅಂದಳು. ಟೀಚರ್ ಮೊದಲೇ ತೀರ್ಮಾನ ಮಾಡಿದ್ದರೆ ಯಾರು ವಾದ ಮಾಡ್ತಾರೆ?’ ಅಂದಳು. ಹೇಳಿ ನನ್ನ ಕಡೆಗೇ ನೋಡಿದಳು, ಕಳ್ಳಿ.

ಇನ್ನೊಂದು ತುಣುಕಿನಲ್ಲಿ ಎಸ್ಪರಾನ್ಸಾಳ ಅಪ್ಪ ಗುಡ್ಡದ ಮೇಲಿನ ಶ್ರೀಮಂತರ ತೋಟಗಳಲ್ಲಿ ಕೆಲಸ ಮಾಡುತ್ತಾನೆ. ಭಾನುವಾರ ಮನೆಯವರೆಲ್ಲ ಆ ಮನೆಗಳನ್ನು ನೋಡಲು ಹೋಗುತ್ತಾರೆ. ಹಸಿದವರ ಹಾಗೆ ಬಾಯಿಬಿಟ್ಟು ನೋಡುವುದು ನಾಚಿಕೆ ಅಂತ ಅವಳು ಹೋಗುವುದನ್ನೇ ಬಿಟ್ಟಿದ್ದಾಳೆ. ನನ್ನ ಕ್ಲಾಸಿನ ಒಬ್ಬ ಹುಡುಗ ಬೇಸಿಗೆಯಲ್ಲಿ ಅಪ್ಪನ ಜೊತೆ ಪಕ್ಕದ ನೇಪರ್‌ವಿಲ್‌ಗೆ ಹುಲ್ಲು ಕತ್ತರಿಸಲು ಹೋಗುತ್ತಾನೆ. ಕ್ಲಾಸಿನಲ್ಲಿ ಬಾಯಿಬಿಡುವವನೇ ಅಲ್ಲ. ಆ ದಿನ ಮಾತ್ರ ಮಾತಾಡಿದ. ಅವಳು ಕಾರಲ್ಲಿ ಕೂತು ನೋಡಿದ್ದಕ್ಕೇ ನಾಚಿಕೆ ಆಯಿತು, ಇಳಿದು ಕೆಲಸ ಮಾಡಿದ್ದರೆ ಆಗುತ್ತಿರಲಿಲ್ಲ ಅಂದ. ದೊಡ್ಡ ಮನೆಯವರು ಮಧ್ಯಾಹ್ನದ ಬಿಸಿಲಿಗೆ ನೀರು ಬಿಡುತ್ತಾರಂತೆ. ಹುಲ್ಲನ್ನು ಬೋಳಿಸಿದ ಹಾಗೆ ಕತ್ತರಿಸಿ ಅಂತ ಹಟ ಮಾಡುತ್ತಾರಂತೆ. ಬುಡ ಸುಟ್ಟು ಹಳದಿಯಾದ ಮೇಲೆ ಅಪ್ಪನಿಗೇ ಬೈಗುಳ. ‘ಅವರಿಗೆ ಏನೂ ಗೊತ್ತಿಲ್ಲ ಮಿಸ್. ಅವರ ಮುಂದೆ ನಾನ್ಯಾಕೆ ನಾಚಿಕೆಪಡಲಿ?’ ಅಂದ.

ನೇಪರ್‌ವಿಲ್‌ನಲ್ಲಿ ನಮ್ಮವರ ಮನೆಗಳು ಎಷ್ಟಿವೆ ಅಂತ ಈ ಭಾಗದಲ್ಲಿರುವ ಓದುಗರಿಗೆ ಗೊತ್ತು. ಗೃಹಪ್ರವೇಶದ ಊಟಕ್ಕೆ ಹೋದಾಗ ಹಿತ್ತಲಿನ ಹುಲ್ಲನ್ನು ನಾವೂ ಹೊಗಳಿದ್ದೇವೆ. ಕತ್ತರಿಸಿದವರ ಮುಖ ನೋಡಿದ ನೆನಪು ನನಗಂತೂ ಇಲ್ಲ.

ಇಂಗ್ಲಿಷ್ ಕಲಿಯದ ಮಾಮಸಿತಾಳ ತುಣುಕಿಗೆ ಬಂದಾಗ ಕ್ಲಾಸು ಬೇರೆ ಥರ ಆಗುತ್ತದೆ. ಗಂಡ ಎರಡೆರಡು ಕೆಲಸ ಮಾಡಿ ದುಡ್ಡು ಕೂಡಿಸಿ ಹೆಂಡತಿ ಮಗುವನ್ನು ಕರೆಸಿಕೊಂಡಿದ್ದಾನೆ. ಅವಳು ಮೂರನೇ ಮಹಡಿಯಿಂದ ಕೆಳಗೇ ಇಳಿಯುವುದಿಲ್ಲ. ಕಿಟಕಿ ಪಕ್ಕ ಕೂತು ಸ್ಪ್ಯಾನಿಷ್ ರೇಡಿಯೋ ಕೇಳುತ್ತಾಳೆ. ಯಾಕೆ ಇಳಿಯುವುದಿಲ್ಲ? ದಪ್ಪ ಇದ್ದಾಳೆ ಅಂತ ಕೆಲವರು, ಮೆಟ್ಟಿಲು ಕಷ್ಟ ಅಂತ ಕೆಲವರು. ಇಂಗ್ಲಿಷ್‌ಗೆ ಹೆದರಿ ಅಂತ ಎಸ್ಪರಾನ್ಸಾ. ನನ್ನ ಮಕ್ಕಳು ಇದಕ್ಕೆ ಇನ್ನೊಂದು ಕಾರಣ ಸೇರಿಸುತ್ತಾರೆ. ಕಾಗದಪತ್ರ ಇರಲಿಕ್ಕಿಲ್ಲ ಅಂತ. ಈ ಮಾತು ಬಂದರೆ ನಾನು ಮುಂದಕ್ಕೆ ಕೆದಕುವುದಿಲ್ಲ. ಕಾಗದ ಇರಲಿ ಬಿಡಲಿ, ಮಗುವಿಗೆ ಸರ್ಕಾರಿ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಅಂತ 1982ರಲ್ಲೇ ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ. ಯಾರ ಮನೆಯದು ಏನು ಕತೆ ಅಂತ ನಾವು ಕೇಳುವುದಿಲ್ಲ. ಮಕ್ಕಳು ಪುಸ್ತಕದ ಹೆಂಗಸಿನ ಹೆಸರು ಹೇಳಿಕೊಂಡು ಹೇಳಬೇಕಾದ್ದನ್ನು ಹೇಳುತ್ತಾರೆ.

ಗಂಡಿನ ಕೈಗೆ ಸಿಕ್ಕಿ ನಲುಗುವ ಹುಡುಗಿಯರ ತುಣುಕುಗಳೂ ಇವೆ. ಅವನ್ನು ಓದುವ ಮೊದಲು ಮನೆಗೆ ಪತ್ರ ಹೋಗುತ್ತದೆ, ಶಾಲೆಯ ಕೌನ್ಸಿಲರ್‌ಗೆ ತಿಳಿಸಿರುತ್ತೇವೆ. ಚರ್ಚೆ ಇಲ್ಲ, ಬೇಕಾದವರು ಬರೆದು ಕೊಡಬಹುದು. ಬರೆದದ್ದರ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಅರಿಜೋನಾದ ಕತೆ ಹೇಳಿದಾಗ ಮಾತ್ರ ಯಾರೂ ನಂಬುವುದಿಲ್ಲ. ಟೂಸಾನ್‌ನ ಶಾಲೆಗಳಲ್ಲಿ ಮೆಕ್ಸಿಕನ್ ಅಮೆರಿಕನ್ ಅಧ್ಯಯನ ಅಂತ ಒಂದು ಕಾರ್ಯಕ್ರಮ ಇತ್ತು, ಅದರ ಓದಿನ ಪಟ್ಟಿಯಲ್ಲಿ ಈ ಪುಸ್ತಕವೂ ಇತ್ತು. 2010ರಲ್ಲಿ ರಾಜ್ಯ ಸರ್ಕಾರ ಇಂಥ ತರಗತಿಗಳನ್ನು ತಡೆಯುವ ಕಾನೂನು ಮಾಡಿತು. 2012ರ ಜನವರಿಯಲ್ಲಿ ಆ ತರಗತಿಗಳು ನಿಂತೇ ಹೋದವು. ಆ ಕಾನೂನು ಜಾರಿ ಮಾಡಿದ್ದರ ಹಿಂದೆ ಜನಾಂಗದ್ವೇಷ ಇತ್ತು ಅಂತ ಫೆಡರಲ್ ನ್ಯಾಯಾಧೀಶರು ಹೇಳಿದ್ದು 2017ರಲ್ಲಿ. ‘ಈ ಪುಸ್ತಕಕ್ಕಾ?’ ಅಂತ ಮಕ್ಕಳು ತೆಳ್ಳಗಿನ ಪುಸ್ತಕವನ್ನು ಎತ್ತಿ ಹಿಡಿದು ನೋಡುತ್ತಾರೆ. ಬಂದ್ ಆಗಿತ್ತು ಅಂತ ಗೊತ್ತಾದ ಮೇಲೆ ಓದದೇ ಬಿಟ್ಟವರೂ ಓದಿ ಮುಗಿಸುತ್ತಾರೆ. ಇದು ಎಲ್ಲ ಟೀಚರ್‌ಗಳಿಗೂ ಗೊತ್ತಿರುವ ಉಪಾಯ.

ಸಿಸ್ನೆರೋಸ್ ದೊಡ್ಡವರಾದ ಮೇಲೆ ಟೆಕ್ಸಾಸಿನ ಸಾನ್ ಆಂಟೋನಿಯೋದಲ್ಲಿ ಸ್ವಂತ ಮನೆ ಕೊಂಡು ಅದಕ್ಕೆ ಕಣ್ಣಿಗೆ ಹೊಡೆಯುವ ನೇರಳೆ ಬಣ್ಣ ಬಳಿಸಿದರು. ಅದು ಹಳೇ ಕಾಲದ ಮನೆಗಳನ್ನು ಕಾಪಾಡುವ ಬಡಾವಣೆ, ಅಲ್ಲಿ ಈ ಬಣ್ಣ ನಡೆಯಲ್ಲ ಅಂತ ನಗರದವರು ತಕರಾರು ತೆಗೆದರು. 1997ರ ಈ ಜಗಳದ ಬಗ್ಗೆ ಹೇಳಿದರೆ ಮಕ್ಕಳ ಮುಖ ಅರಳುತ್ತದೆ. ಇಡೀ ಪುಸ್ತಕದಲ್ಲಿ ಸ್ವಂತ ಮನೆ ಬೇಕು ಅಂತ ಹಂಬಲಿಸಿದ ಹುಡುಗಿಗೆ ಕೊನೆಗೂ ಮನೆ ಆಯಿತು, ಅದರ ಬಣ್ಣಕ್ಕೂ ಊರಿನವರ ಪರ್ಮಿಷನ್ ಬೇಕಾಯಿತು. ಏಸಿ ರಿಪೇರಿಯವರ ಮಗಳು ಇದನ್ನು ಕೇಳಿ, ‘ಈಗ ನೋಡಿ, ಇದು ನಮ್ಮ ಮನೆ ಕತೆ’ ಅಂದಳು. ಅವರ ಬಡಾವಣೆಯ ಸಂಘದವರು ಅಪ್ಪನ ವ್ಯಾನುಗಳನ್ನು ಮನೆ ಮುಂದೆ ನಿಲ್ಲಿಸಬೇಡಿ ಅಂತ ಎರಡು ಸಲ ನೋಟಿಸ್ ಕೊಟ್ಟಿದ್ದರಂತೆ.

ಪೇರೆಂಟ್ಸ್ ಮೀಟಿಂಗಿಗೆ ಆ ಹುಲ್ಲು ಕತ್ತರಿಸುವ ಹುಡುಗನ ಅಮ್ಮ ಬಂದಿದ್ದರು. ಎಲೆನಾ ಪೋನಿಯಾಟೋವ್ಸ್ಕಾ ಮಾಡಿದ ಸ್ಪ್ಯಾನಿಷ್ ಅನುವಾದವನ್ನು ಲೈಬ್ರರಿಯಿಂದ ತಂದು ಮಗನ ಜೊತೆಜೊತೆಗೆ ತಾವೂ ಓದಿದ್ದರು. ಮಗನ ಮಾರ್ಕ್ಸಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅವರಿಗೆ ಎಸ್ಪರಾನ್ಸಾಳ ಅಮ್ಮನ ಬಗ್ಗೆ ಮಾತಾಡಬೇಕಿತ್ತು. ಆ ಅಮ್ಮನಿಗೆ ಎರಡು ಭಾಷೆ ಗೊತ್ತು, ಟೀವಿ ರಿಪೇರಿ ಗೊತ್ತು, ಗಂಜಿ ಕಲಕುತ್ತಾ ಆಪೆರಾ ಹಾಡುತ್ತಾಳೆ. ಒಳ್ಳೇ ಬಟ್ಟೆ ಇಲ್ಲ ಅನ್ನುವ ನಾಚಿಕೆಗೆ ಶಾಲೆ ಬಿಟ್ಟಿದ್ದಳು. ಮಗ ಮಧ್ಯೆ ಕೂತು ಇಂಗ್ಲಿಷ್‌ಗೆ ದಾಟಿಸುತ್ತಿದ್ದ. ‘ಇಷ್ಟು ಜಾಣೆಯನ್ನು ಕೂರಿಸಿಕೊಂಡು ಇಡೀ ಪುಸ್ತಕ ಮಗಳ ಮಾತೇ ಯಾಕೆ, ಅಮ್ಮನಿಗೆ ಎರಡೇ ಪುಟ ಯಾಕೆ?’ ಅಂತ ಅವರ ತಕರಾರು. ಹುಡುಗ, ‘ಅಮ್ಮಾ, ಅದು ಟೀನೇಜ್ ಹುಡುಗಿ ಪುಸ್ತಕ’ ಅಂತ ತಡೆಯಲು ನೋಡಿದ. ಅವರು ಅವನ ಕಡೆ ತಿರುಗಿಯೂ ನೋಡಲಿಲ್ಲ.

ಈ ವರ್ಷ ಪಾಠವನ್ನು ಆ ಅಮ್ಮನ ಎರಡು ಪುಟದಿಂದಲೇ ಶುರು ಮಾಡೋಣ ಅಂತಿದ್ದೇನೆ. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಒಬ್ಬರು ಕ್ರಮ ತಪ್ಪುತ್ತದೆ ಅಂತ ಆಕ್ಷೇಪ ಎತ್ತಿದ್ದಾರೆ. ಯಾವ ಪುಟದಿಂದ ತೆರೆದರೂ ಅರ್ಥವಾಗಬೇಕು ಅಂತಲೇ ಹೀಗೆ ಬರೆದೆ ಅಂತ ಸಿಸ್ನೆರೋಸ್ ಅವರೇ ಮುನ್ನುಡಿಯಲ್ಲಿ ಹೇಳಿದ್ದಾರೆ. ಆ ಪುಟದ ಜೆರಾಕ್ಸ್ ತೆಗೆದು ಅವರ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ.